ಪಿಂಚಣಿಗೆ ಎರಡು ಸರ್ಕಾರ

ಸರ್ಕಾರ ತಾನೇ ಕೊಟ್ಟ ಪಿಂಚಣಿಗೆ ಮತ್ತೆ ತೆರಿಗೆ ಕೇಳುವುದು ಸರಿಯೇ ಎಂಬ ಪ್ರಶ್ನೆಯನ್ನು ನಿವೃತ್ತರು ಕಲೆತ ಕಡೆಗಳಲ್ಲಿ ನಾನು ಅನೇಕ ಸಲ ಕೇಳಿದ್ದೇನೆ. ನಮ್ಮಲ್ಲಿ ಕೃಷಿಯ ವರಮಾನವೊಂದನ್ನು ಬಿಟ್ಟರೆ ವರಮಾನ ತೆರಿಗೆ ಕೇಂದ್ರದ ಅಧಿಕಾರ. ಅಮೆರಿಕದಲ್ಲಿ ಹಾಗಲ್ಲ, ಅಲ್ಲಿ ಬಹುಪಾಲು ಸಂಸ್ಥಾನಗಳೂ ಬೇರೆಯಾಗಿ ವರಮಾನ ತೆರಿಗೆ ಎತ್ತುತ್ತವೆ. ಆದ್ದರಿಂದ ಕೇಂದ್ರ ಕೊಟ್ಟ ಪಿಂಚಣಿಯಲ್ಲಿ ಸಂಸ್ಥಾನವೂ ಪಾಲು ಕೇಳಬಹುದೇ ಎಂಬ ವ್ಯಾಜ್ಯ ಅಲ್ಲಿ ಹುಟ್ಟಿತು.

ಅದರ ಬೇರು 1819ರಷ್ಟು ಹಿಂದಿನದು. ಮೇರಿಲ್ಯಾಂಡ್ ಸಂಸ್ಥಾನವು ರಾಷ್ಟ್ರದ ಬ್ಯಾಂಕಿನ ಮೇಲೆ ತೆರಿಗೆ ಹೇರಿದಾಗ, ಮುಖ್ಯ ನ್ಯಾಯಾಧೀಶ ಜಾನ್ ಮಾರ್ಷಲ್ ಅದನ್ನು ತಳ್ಳಿಹಾಕಿದರು. ಬ್ಯಾಂಕಿಗೆ ಸಿಕ್ಕ ಆ ರಕ್ಷೆ 1842ರಲ್ಲಿ ಕೇಂದ್ರದ ಅಧಿಕಾರಿಯ ಸಂಬಳಕ್ಕೂ ಹಬ್ಬಿತು. 1871ರಲ್ಲಿ ಸಂಸ್ಥಾನದ ನ್ಯಾಯಾಧೀಶನ ಸಂಬಳಕ್ಕೆ ಕೇಂದ್ರ ಕೈಹಾಕಬಾರದೆಂದೂ ತೀರ್ಪಾಯಿತು. ಆದರೆ 1939ರಲ್ಲಿ ನ್ಯಾಯಾಲಯವೇ ಈ ವಿನಾಯಿತಿಯನ್ನು ಕೊನೆಗಾಣಿಸಿತು. ಅದೇ ವರ್ಷ ಸಂಸತ್ತು ಒಂದು ಕಾನೂನು ಮಾಡಿತು: ಸಂಸ್ಥಾನಗಳು ಕೇಂದ್ರ ನೌಕರರ ಸಂಬಳಕ್ಕೆ ತೆರಿಗೆ ಹಾಕಬಹುದು, ಆದರೆ ಸಂಬಳ ಎಲ್ಲಿಂದ ಬಂದಿತೆಂದು ನೋಡಿ ಭೇದ ಎಣಿಸಕೂಡದು.

ಮಿಷಿಗನ್ ಸಂಸ್ಥಾನ ಎಣಿಸಿದ್ದು ಆ ಭೇದವನ್ನೇ. ತನ್ನ ನಿವೃತ್ತರ ಪಿಂಚಣಿಗೆ ಪೂರ್ಣ ವಿನಾಯಿತಿ. ಕೇಂದ್ರದ ನಿವೃತ್ತರಿಗೆ ತೆರಿಗೆ. ಡೇವಿಸ್ ಎಂಬ ಕೇಂದ್ರದ ನಿವೃತ್ತರೊಬ್ಬರು ಇದನ್ನು ಪ್ರಶ್ನಿಸಿ 1989ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಗೆದ್ದರು. ನಮ್ಮ ನೌಕರರನ್ನು ಉಳಿಸಿಕೊಳ್ಳಲು ಇದು ಬೇಕು ಎಂಬ ಸಂಸ್ಥಾನದ ವಾದ ಅಲ್ಲಿ ನಿಲ್ಲಲಿಲ್ಲ.

ಸ್ವಾರಸ್ಯವಿರುವುದು ಇದರ ಮುಂದೆ. ಭೇದ ಹೋಗಬೇಕೆಂದರು, ಸರಿ. ಹೋಗುವ ದಾರಿ ಎರಡು. ಕೇಂದ್ರದವರಿಗೂ ವಿನಾಯಿತಿ ಕೊಡಬಹುದು, ಇಲ್ಲವೇ ಸಂಸ್ಥಾನದವರಿಗೂ ತೆರಿಗೆ ಹಾಕಬಹುದು. ನ್ಯಾಯಾಲಯ ಆ ಆಯ್ಕೆಯನ್ನು ಸಂಸ್ಥಾನಗಳಿಗೇ ಬಿಟ್ಟಿತು. ನಾರ್ತ್ ಕೆರೊಲಿನಾ ಎರಡನೆಯ ದಾರಿ ಹಿಡಿದು, ತನ್ನ ನೌಕರರಿಗಿದ್ದ ಪೂರ್ಣ ವಿನಾಯಿತಿಯನ್ನು ಕಿತ್ತುಕೊಂಡಿತು. ಎಲ್ಲರಿಗೂ ವರ್ಷಕ್ಕೆ 4,000 ಡಾಲರುಗಳಷ್ಟನ್ನು ಮಾತ್ರ ಬಿಟ್ಟುಕೊಟ್ಟಿತು. ಪರರ ಗೆಲುವಿನಿಂದ ತಾವು ಸೋತ ಆ ನೌಕರರು ಸುಮ್ಮನಿರಲಿಲ್ಲ. ಪಿಂಚಣಿಗೆ ತೆರಿಗೆಯಿಲ್ಲವೆಂಬ ಮಾತನ್ನು ನಂಬಿಯೇ ದುಡಿದೆವು ಎಂದು ವಾದ ಹೂಡಿದರು. ಆ ಮಾತು ಕರಾರಿನ ಭಾಗವೇ ಎಂದು ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯ 1998ರಲ್ಲಿ ಒಪ್ಪಿತು. ಕೇಂದ್ರದ ನಿವೃತ್ತರನ್ನೂ ಸೇರಿಸಿಕೊಂಡು ಆದ ರಾಜಿಯಲ್ಲಿ ಸಂಸ್ಥಾನ 79.9 ಕೋಟಿ ಡಾಲರು ತೆರಬೇಕಾಯಿತು. 1989ರ ಆಗಸ್ಟ್ 12ರೊಳಗೆ ಐದು ವರ್ಷ ಸೇವೆ ಸಲ್ಲಿಸಿದ್ದವರಿಗೆ ವಿನಾಯಿತಿ ಉಳಿಯಿತು.

ಹಳೆಯ ಚಾಳಿ ಅಷ್ಟಕ್ಕೇ ಬಿಡಲಿಲ್ಲ. ವೆಸ್ಟ್ ವರ್ಜೀನಿಯಾ ತನ್ನ ಕೆಲವು ಪೊಲೀಸರಿಗೆ ಕೊಟ್ಟ ವಿನಾಯಿತಿಯನ್ನು ಕೇಂದ್ರದ ನಿವೃತ್ತ ಮಾರ್ಷಲ್ ಒಬ್ಬರಿಗೆ ನಿರಾಕರಿಸಿ 2019ರಲ್ಲಿ ಸೋತಿತು.

ನಮ್ಮ ಸುಪ್ರೀಂ ಕೋರ್ಟು 1982ರಲ್ಲಿ, ನಕಾರಾ ಮೊಕದ್ದಮೆಯಲ್ಲಿ, ಪಿಂಚಣಿ ದಯೆಯಿಂದ ಕೊಡುವ ದಾನವಲ್ಲವೆಂದು ಸಾರಿದ್ದನ್ನು ವಾಚಕರು ಬಲ್ಲರು. ತೆರಿಗೆ ಬೇಡವೆಂದು ನಾನು ಹೇಳುವುದಿಲ್ಲ. ರಸ್ತೆ, ಶಾಲೆಗಳಿಗೆ ಹಣ ಬೇಕು. ಆದರೆ ಕೆಲಸಕ್ಕೆ ಸೇರುವಾಗ ಆಡಿದ ಮಾತನ್ನು, ಮತ್ತೊಂದು ಕೆಲಸ ಹುಡುಕುವ ವಯಸ್ಸು ಮೀರಿದವರ ಮುಂದೆ ತಿರುಗಿಸಬಾರದು. ಬದಲಾಯಿಸುವುದಿದ್ದರೆ ನಾಳೆ ಸೇರುವವರಿಗೆ ಇಂದೇ ತಿಳಿಸಿ ಬದಲಾಯಿಸಲಿ.