ಕಟ್ಟಳೆ ಮೀರಿದ ನಾಯಕಿಯರು

ಗರಿಯಾಹಾಟಿನ ಸೀರೆಯ ಅಂಗಡಿಗಳಲ್ಲಿ ಮದುವೆಯ ದಿನಗಳು ಬಂದವೆಂದರೆ ಎಲ್ಲೆಲ್ಲಿಯೂ ಕೆಂಪು. ಬಂಗಾಳದ ಮದುವಣಗಿತ್ತಿ ಉಡುವುದು ಕೆಂಪು ಬನಾರಸಿ. ಇಲ್ಲಿ ಅದು ಸೌಭಾಗ್ಯದ ಬಣ್ಣ. ನಮ್ಮಲ್ಲಿ ವಯಸ್ಸಾದ ಕೆಲವರಿಗಾದರೋ ಕೆಂಪು ಸೀರೆಯೆಂದೊಡನೆ ಕಣ್ಣ ಮುಂದೆ ನಿಲ್ಲುವವರು ಊರಿನ ಮನೆಯ ಮಡಿ ಅಜ್ಜಿಯರು. ಬೋಳು ತಲೆ, ಅದರ ಮೇಲೆ ಎಳೆದುಕೊಂಡ ಕೆಂಪು ಸೆರಗು, ಬೆಳಗಿನಿಂದ ಸಂಜೆಯವರೆಗೆ ಅಡಿಗೆಮನೆ. ನಮ್ಮೂರಿನಲ್ಲಿ ಗಂಡನನ್ನು ಕಳೆದುಕೊಂಡವಳಿಗೆ ವಿಧಿಸಿದ್ದ ಬಣ್ಣವನ್ನೇ ಇಲ್ಲಿ ತಾಯಿಯಾದವಳು ಮಗಳ ಮೈಗೆ ಹಿಡಿದು ನೋಡಿ ಹಿಗ್ಗುತ್ತಾಳೆ. ಬಹಳ ವರ್ಷ ಈ ನಗರದಲ್ಲಿ ಬಾಳಿದ ಮೇಲೂ ನಮಗೆ ಇದು ಪೂರ್ತಿ ಒಗ್ಗಿಲ್ಲ.

ಈ ಮಾತು ಬಂದುದಕ್ಕೆ ಕಾರಣವುಂಟು. ಹೋದ ವರ್ಷ ಒಂದು ಸಂಜೆ ನಾವು ಕೆಲವರು ಕುಳಿತು ಹರಟುತ್ತಿದ್ದಾಗ, ಕನ್ನಡಕ್ಕಿಂತ ಬಂಗಾಳಿಯನ್ನೇ ಸರಾಗವಾಗಿ ಓದುವ ನಮ್ಮ ಮನೆಯೊಂದರ ಹುಡುಗಿ, ಬಂಕಿಮಚಂದ್ರರ ‘ವಿಷವೃಕ್ಷ’ವನ್ನು ಮುಗಿಸಿ ಬಂದವಳು, “ಕುಂದ ಯಾಕೆ ಸಾಯಬೇಕಿತ್ತು, ಮಾಮ?” ಎಂದು ಕೇಳಿದಳು. “ನಮ್ಮ ಕನ್ನಡದಲ್ಲೂ ಹೀಗೇ ಸಾಯಿಸ್ತಾರಾ?” ಎಂಬುದು ಎರಡನೆಯ ಪ್ರಶ್ನೆ. ಆಗ ಯಾರಿಂದಲೂ ಸರಿಯಾದ ಉತ್ತರ ಹೊರಡಲಿಲ್ಲ. ಈ ಸಂಚಿಕೆಯ ನೆಪದಲ್ಲಿ ಆ ಸಾಲವನ್ನು ತೀರಿಸಲು ಹೊರಟಿದ್ದೇವೆ.

ಕಥೆ ಆರಂಭವಾಗುವುದು ಇದೇ ಕಲ್ಕತ್ತೆಯಲ್ಲಿ. ಈಶ್ವರಚಂದ್ರ ವಿದ್ಯಾಸಾಗರರ ಹೋರಾಟದ ಫಲವಾಗಿ ವಿಧವಾ ವಿವಾಹಕ್ಕೆ ಮನ್ನಣೆ ಕೊಡುವ ಕಾಯಿದೆ 1856ರ ಜುಲೈಯಲ್ಲಿ ಬಂದಿತು. ಅದೇ ವರ್ಷದ ಡಿಸೆಂಬರ್ 7ರಂದು ಉತ್ತರ ಕಲ್ಕತ್ತೆಯ ಸುಕಿಯಾ ಸ್ಟ್ರೀಟಿನಲ್ಲಿ ಆ ಕಾಯಿದೆಯ ಮೊದಲ ಮದುವೆ ನಡೆಯಿತು. ವರ ಶ್ರೀಶಚಂದ್ರ ವಿದ್ಯಾರತ್ನ, ವಧು ಕಾಲೀಮತಿ. 1870ರಲ್ಲಿ ವಿದ್ಯಾಸಾಗರರ ಮಗನೇ ಒಬ್ಬ ವಿಧವೆಯ ಕೈ ಹಿಡಿದನು. ಕಾಯಿದೆ ಬಾಗಿಲು ತೆರೆದಿತ್ತು; ಒಳಗೆ ಬಿಟ್ಟುಕೊಳ್ಳುವವರು ಮಾತ್ರ ಅಪರೂಪ.

ಕಾದಂಬರಿಯೂ ಬಿಟ್ಟುಕೊಳ್ಳಲಿಲ್ಲ. 1873ರಲ್ಲಿ ಪುಸ್ತಕವಾಗಿ ಬಂದ ‘ವಿಷವೃಕ್ಷ’ದಲ್ಲಿ ಅನಾಥೆಯೂ ವಿಧವೆಯೂ ಆದ ಕುಂದನಂದಿನಿಯನ್ನು ಜಮೀನುದಾರ ನಗೇಂದ್ರ ಮದುವೆಯಾಗುತ್ತಾನೆ. ಹಿರಿಯ ಹೆಂಡತಿ ಸೂರ್ಯಮುಖಿ ಮನೆ ಬಿಟ್ಟು ಹೋಗುತ್ತಾಳೆ. ಆಕೆ ಮರಳಿ ಬರುವ ಹೊತ್ತಿಗೆ ಕುಂದ ವಿಷ ಕುಡಿಯುತ್ತಾಳೆ. ಸೂರ್ಯಮುಖಿ ಬರೆಯುವ ಒಂದು ಪತ್ರದಲ್ಲಿ ವಿದ್ಯಾಸಾಗರರನ್ನು ಹೆಸರು ಹಿಡಿದೇ ಹಂಗಿಸಿದೆ. ಅದು ಪಾತ್ರದ ಮಾತು, ನಿಜ. ಆದರೆ ಕುಂದನ ಕೈಗೆ ವಿಷ ಸೇರುವಂತೆ ಕಥೆ ಹೆಣೆದವರು ಲೇಖಕರೇ ಅಲ್ಲವೆ?

ಅದೇ ಬಂಕಿಮರು 1884ರಲ್ಲಿ ‘ದೇವಿ ಚೌಧುರಾಣಿ’ಯನ್ನು ಬರೆದರು. ಸುಳ್ಳು ಅಪವಾದದ ಮಾತಿಗೆ ಗಂಡನ ಮನೆಯಿಂದ ಹೊರಬಿದ್ದ ಪ್ರಫುಲ್ಲೆಗೆ ಕಾಡಿನಲ್ಲಿ ಒಂದು ನಿಧಿ ಸಿಕ್ಕುತ್ತದೆ, ದರೋಡೆಕೋರರ ಮುಖಂಡ ಭವಾನಿ ಪಾಠಕ ಗುರುವಾಗಿ ದೊರೆಯುತ್ತಾನೆ. ಐದು ವರ್ಷದ ಶಿಕ್ಷಣದ ನಂತರ ಅವಳೇ ದೇವಿರಾಣಿ. ದರೋಡೆಕೋರರ ರಾಣಿಯೆಂದು ಹೆಸರಾದರೂ ಅವಳ ನಿತ್ಯದ ಕೆಲಸ ಇಲ್ಲದವರಿಗೆ ಹಂಚುವುದು. ತನ್ನನ್ನು ಹೊರದೂಡಿದ ಮಾವನು ಸರಕಾರದ ಬಾಕಿ ಕಟ್ಟಲಾರದೆ ಸೆರೆಮನೆಯ ಬಾಗಿಲಿಗೆ ಬಂದಾಗ 50,000 ರೂಪಾಯಿ ಕೊಡುವವಳೂ ಅವಳೇ. ಆ ಮಾವನೇ ಅವಳ ಸುಳಿವನ್ನು ಕುಂಪಣಿಯವರಿಗೆ ಕೊಡುತ್ತಾನೆ. ಇದು ಬರಿಯ ಕಲ್ಪನೆಯಲ್ಲ. 1787ರ ಸುಮಾರಿನಲ್ಲಿ ರಂಗಪುರದ ಕಡೆ ದಂಡಿನೊಡನೆ ಹೋಗಿದ್ದ ಲೆಫ್ಟಿನೆಂಟ್ ಬ್ರೆನ್ನನ್ನನ ವರದಿಯಲ್ಲಿ ಭವಾನಿ ಪಾಠಕ, ದೇವಿ ಚೌಧುರಾಣಿ ಎಂಬ ಎರಡು ಹೆಸರುಗಳೂ ಉಂಟು. ಅಲ್ಲಿಂದ ಮುಂದಿನದು ಬಂಕಿಮರದು.

ಇಷ್ಟು ಧೀರೆಯಾದ ದೇವಿಯ ಗತಿ ಏನಾಯಿತು? ಪಾಠಕನು ತಾನಾಗಿ ಶರಣಾಗಿ ದ್ವೀಪಾಂತರಕ್ಕೆ ಹೋಗುತ್ತಾನೆ. ರಾಣಿ ಗಂಡನ ಮನೆಗೆ ಹೊಸ ಸೊಸೆಯಾಗಿ ಹಿಂದಿರುಗುತ್ತಾಳೆ; ಸವತಿಯರಲ್ಲೊಬ್ಬಳು ಬಂದು ನೋಡುವಾಗ ಹಿತ್ತಿಲ ಕೊಳದ ಮೆಟ್ಟಿಲಲ್ಲಿ ಪಾತ್ರೆ ತಿಕ್ಕುತ್ತಾ ಕುಳಿತಿರುತ್ತಾಳೆ. ಬಂಕಿಮರು ಇದನ್ನು ನಿಷ್ಕಾಮ ಕರ್ಮದ ಸಿದ್ಧಿಯೆಂದು ಕಂಡರು. ನಮ್ಮ ಹುಡುಗಿಗೆ ಹಾಗೆ ಕಂಡಿಲ್ಲ. ನಮಗೂ, ಹಿರಿಯರ ಕ್ಷಮೆ ಕೋರಿ ಹೇಳುವುದಾದರೆ, ಅಷ್ಟಾಗಿ ಕಂಡಿಲ್ಲ.

ಈ ಕಾದಂಬರಿಗಳೆರಡನ್ನೂ ಕನ್ನಡದ ಮನೆಗಳಿಗೆ ತಂದವರು ಬಿ. ವೆಂಕಟಾಚಾರ್ಯರು (1845–1914). ಮೈಸೂರು ಸಂಸ್ಥಾನದ ನ್ಯಾಯ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ಬಂಗಾಳಿಯನ್ನು ಕಲಿತರು. ವಿದ್ಯಾಸಾಗರರೊಡನೆ ಪತ್ರವ್ಯವಹಾರ ಇಟ್ಟುಕೊಂಡು, ಅವರ ‘ಭ್ರಾಂತಿವಿಲಾಸ’ವನ್ನೂ ಕನ್ನಡಿಸಿದರು. ತಾವು ಗುರುವಿನಂತೆ ಕಂಡ ವಿದ್ಯಾಸಾಗರರನ್ನು ಹಂಗಿಸುವ ಆ ಪತ್ರವನ್ನು ಅನುವಾದಿಸುವಾಗ ಆಚಾರ್ಯರಿಗೆ ಹೇಗನ್ನಿಸಿತೋ ಎಂದು ನಾವು ಎಷ್ಟೋ ಸಲ ಯೋಚಿಸಿದ್ದುಂಟು. ನಮ್ಮ ಅಜ್ಜಂದಿರ ಕಾಲದ ಕನ್ನಡಿಗರು ಹೌರಾ ಸೇತುವೆಯನ್ನು ಕಾಣದೆಯೂ ಬಂಗಾಳದ ಕೊಳಗಳನ್ನು, ಬಜರಾ ದೋಣಿಗಳನ್ನು ಬಲ್ಲವರಾಗಿದ್ದರು. ಅದು ಈ ಆಚಾರ್ಯರ ಉಪಕಾರ.

ಆದರೆ ಹುಡುಗಿಯ ಎರಡನೆಯ ಪ್ರಶ್ನೆಗೆ ಉತ್ತರವಿರುವುದು ಮೈಸೂರಿನಲ್ಲಲ್ಲ, ಮಂಗಳೂರಿನಲ್ಲಿ. ಅಲ್ಲಿಯ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ 1899ರಲ್ಲಿ ಅಚ್ಚಾದ ‘ಇಂದಿರಾಬಾಯಿ’, ಇನ್ನೊಂದು ಹೆಸರಿನಿಂದ ‘ಸದ್ಧರ್ಮ ವಿಜಯವು’, ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿಯೆಂದು ಎಣಿಸಲ್ಪಟ್ಟಿದೆ. ಬರೆದವರು ಗುಲ್ವಾಡಿ ವೆಂಕಟರಾಯರು (1844–1913). ಎಳೆವಯಸ್ಸಿನಲ್ಲೇ ವಿಧವೆಯಾದ ಇಂದಿರೆ. ಸಂತರೆಂಬುವರ ಮಂಡಳಿಗೆ ಮನೆಯನ್ನೇ ಒಪ್ಪಿಸಿಬಿಟ್ಟ ತಾಯಿ ಅಂಬಾಬಾಯಿ. ಲಂಚದ ಹಣದಿಂದ ಬೆಳೆದ ತಂದೆ ಭೀಮರಾಯ. ಭಜನೆಯ ಮರೆಯಲ್ಲಿ ಸಂತರ ಕಣ್ಣು ತನ್ನ ಮೇಲೆ ಬಿದ್ದಿದೆಯೆಂದು ತಿಳಿದಾಗ ಇಂದಿರೆ ಕೊಳದತ್ತ ನೋಡುವುದಿಲ್ಲ, ವಿಷದ ಡಬ್ಬಿ ಹುಡುಕುವುದಿಲ್ಲ. ಹೆತ್ತವರ ಮನೆಯ ಹೊಸ್ತಿಲು ದಾಟಿ ಅಮೃತರಾಯನೆಂಬ ಸಜ್ಜನನ ಆಶ್ರಯಕ್ಕೆ ಹೋಗುತ್ತಾಳೆ. ಅಲ್ಲಿ ಓದುತ್ತಾಳೆ. ಕೊನೆಗೆ, ಸಮುದ್ರ ದಾಟಿ ಇಂಗ್ಲೆಂಡಿನಲ್ಲಿ ಓದಿ ಬಂದ ಭಾಸ್ಕರನನ್ನು ಮದುವೆಯಾಗುತ್ತಾಳೆ.

ಎಷ್ಟು ಕಟ್ಟಳೆಗಳು ಮುರಿದವೆಂದು ಲೆಕ್ಕ ಹಾಕಿ ನೋಡಬಹುದು. ವಿಧವೆ ಹೊರಗೆ ಕಾಲಿಟ್ಟದ್ದು, ಅಕ್ಷರ ಕಲಿತದ್ದು, ಮರುಮದುವೆಯಾದದ್ದು, ವರ ಕಡಲು ದಾಟಿದ್ದು. ಇಷ್ಟಾದ ಮೇಲೂ ಲೇಖಕರು ಆಕೆಯನ್ನು ಬದುಕಿಸಿದರು. ಬದುಕಿಸಿದ್ದಷ್ಟೇ ಅಲ್ಲ, ಪುಸ್ತಕದ ಹಣೆಯ ಮೇಲೆಯೇ ಇದು ಸದ್ಧರ್ಮದ ವಿಜಯವೆಂದು ಬರೆದರು. ಕಟ್ಟಳೆ ಬೇರೆ, ಧರ್ಮ ಬೇರೆ ಎಂಬ ವಾದವೇ ಆ ಹೆಸರಿನಲ್ಲಿದೆ. ಕಲೆಯ ತಕ್ಕಡಿಯಲ್ಲಿ ತೂಗಿದರೆ ‘ವಿಷವೃಕ್ಷ’ದ ತೂಕ ‘ಇಂದಿರಾಬಾಯಿ’ಗೆ ಬಾರದು, ಗುಲ್ವಾಡಿಯವರ ಒಳ್ಳೆಯವರು ಬಹಳ ಒಳ್ಳೆಯವರು, ಕೆಟ್ಟವರು ಬಹಳ ಕೆಟ್ಟವರು, ಉಪದೇಶವೂ ಧಾರಾಳ. ಆದರೂ ಸಂತರ ಪ್ರಸಂಗಗಳಲ್ಲಿ ಅವರ ಲೇಖನಿಯ ಚುರುಕು ಇಂದಿಗೂ ತಾಗುತ್ತದೆ. ನಾಲ್ಕೇ ವರ್ಷಗಳಲ್ಲಿ, 1903ರಲ್ಲಿ, ಎಂ. ಇ. ಕೌಚ್‌ಮನ್ ಎಂಬ ಅಧಿಕಾರಿ ಇದನ್ನು ಇಂಗ್ಲಿಷಿಗೆ ತಂದನು. 2019ರಲ್ಲಿ ವನಮಾಲಾ ವಿಶ್ವನಾಥ, ಶಿವರಾಮ ಪಡಿಕ್ಕಲ್ ಇವರ ಹೊಸ ಅನುವಾದವೂ ಬಂದಿತು. ಕನ್ನಡ ಓದಲು ತಡವರಿಸುವ ನಮ್ಮ ಮಕ್ಕಳಿಗೆ ಸದ್ಯಕ್ಕೆ ಅದಾದರೂ ಇದೆ.

ಇಲ್ಲಿ ಒಂದು ಸ್ವಾರಸ್ಯವನ್ನು ಹೇಳದೆ ಮುಂದೆ ಹೋಗಲಾರೆವು. ಬಂಕಿಮರು ಡೆಪ್ಯುಟಿ ಮ್ಯಾಜಿಸ್ಟ್ರೇಟರು. ವೆಂಕಟಾಚಾರ್ಯರು ನ್ಯಾಯ ಇಲಾಖೆಯವರು. ಗುಲ್ವಾಡಿಯವರು ಪೋಲೀಸು ಇಲಾಖೆಯವರು! ಹಗಲೆಲ್ಲ ನಿಯಮ ಮೀರಿದವರನ್ನು ಹಿಡಿದು ವಿಚಾರಿಸುವ ಉದ್ಯೋಗ, ರಾತ್ರಿ ದೀಪದ ಮುಂದೆ ನಿಯಮ ಮೀರಿದವರ ಕಥೆ. ಬಹುಶಃ ಹೊರಗಿನವರಿಗೆ ಕಾಣದ್ದು ಅವರಿಗೆ ಕಂಡಿತ್ತು: ಕಟಕಟೆಯಲ್ಲಿ ನಿಂತವರೆಲ್ಲರೂ ತಪ್ಪಿತಸ್ಥರಲ್ಲ.

ಗರಿಯಾಹಾಟಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ಅಶ್ವಿನಿ ದತ್ತ ರಸ್ತೆಯಲ್ಲಿ, ಶರಚ್ಚಂದ್ರರು ಕೊನೆಗಾಲದಲ್ಲಿ ವಾಸವಾಗಿದ್ದ ಮನೆಯಿದೆ. ವಿಧವೆಯ ಕಣ್ಣೀರನ್ನು ಅವರಷ್ಟು ಬಲ್ಲವರಿಲ್ಲ. ಆದರೂ ಅವರ ‘ಪಲ್ಲೀ ಸಮಾಜ’ದ (1916) ರಮಾ, ಸಮಾಜದ ಅಂಜಿಕೆಯಿಂದ ತಾನು ಪ್ರೀತಿಸಿದ ರಮೇಶನ ವಿರುದ್ಧವೇ ಸಾಕ್ಷಿ ಹೇಳಿ, ಕಡೆಗೆ ಕಾಶಿಗೆ ಹೊರಟು ಹೋಗುತ್ತಾಳೆ. ಕಾಯಿದೆ ಬಂದು 60 ವರ್ಷವಾಗಿತ್ತು. ಇಂದಿರೆಯ ಮದುವೆಯಾಗಿ 17. ಇದನ್ನು ನಮ್ಮ ಹೆಚ್ಚುಗಾರಿಕೆಗಾಗಿ ಹೇಳುತ್ತಿಲ್ಲ. ಗುಲ್ವಾಡಿಯವರು ಆಗಬೇಕಾದುದನ್ನು ಬರೆದರು, ಶರಚ್ಚಂದ್ರರು ಆಗುತ್ತಿದ್ದುದನ್ನು ಬರೆದರು. ನಮ್ಮೂರಿನ ಕೆಂಪು ಸೀರೆಗಳೂ ‘ಇಂದಿರಾಬಾಯಿ’ ಅಚ್ಚಾದ ಮರುದಿನವೇ ಮಾಯವಾಗಲಿಲ್ಲ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಅಂಥದೇ ಸೀರೆಯೊಳಗೆ ನೂರು ವರ್ಷ ದಾಟಿದ ಹಿರಿಯಳೊಬ್ಬಳ ಕಥೆ. ತಾನು ಮಡಿಯಲ್ಲಿಯೇ ಸವೆದ ಆ ಮುದುಕಿ, ತಲೆ ಕೊಡಲೊಲ್ಲೆನೆಂದು ಹಟ ಹಿಡಿದ ಎಳೆಯ ವಿಧವೆ ದಾಕ್ಷಾಯಿಣಿಯ ಪಕ್ಷ ವಹಿಸುತ್ತಾಳೆ.

ಇನ್ನೊಬ್ಬಳುಂಟು. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಎಂದರೆ ಎಲ್ಲರೂ ಪ್ರಾಣೇಶಾಚಾರ್ಯರನ್ನು ಕುರಿತು ಮಾತನಾಡುತ್ತಾರೆ. ನಮಗೆ ಮುಖ್ಯಳಾಗಿ ಕಾಣುವವಳು ಚಂದ್ರಿ. ಆಚಾರಗೆಟ್ಟ ನಾರಣಪ್ಪ ಸತ್ತಿದ್ದಾನೆ. ಹೆಣವನ್ನು ಯಾರು ಸುಡಬೇಕೆಂದು ಅಗ್ರಹಾರಕ್ಕೆ ಅಗ್ರಹಾರವೇ ಉಪವಾಸ ಕುಳಿತು ಶಾಸ್ತ್ರ ಹುಡುಕುತ್ತಿದೆ. ಅವನೊಡನೆ ಬಾಳಿದ ಚಂದ್ರಿ, ಯಾವ ಶಾಸ್ತ್ರವೂ ಅಧಿಕಾರ ಕೊಡದ ಹೆಣ್ಣು, ಮೀನಿನ ವ್ಯಾಪಾರಿ ಅಹ್ಮದ್ ಬ್ಯಾರಿಯ ಗಾಡಿಯಲ್ಲಿ ರಾತ್ರೋರಾತ್ರಿ ಹೆಣ ಸಾಗಿಸಿ ಸುಟ್ಟುಬಿಡುತ್ತಾಳೆ. ಸುಟ್ಟದ್ದು ತಿಳಿಯದ ಬ್ರಾಹ್ಮಣರು ಆಮೇಲೂ ಶಾಸ್ತ್ರ ಕೇಳಲು ಊರೂರು ಅಲೆಯುತ್ತಾರೆ. ಇದನ್ನು ತೆಗೆದ ಚಲನಚಿತ್ರಕ್ಕೂ ಮೊದಲು ಸೆನ್ಸಾರಿನ ಕಟ್ಟಳೆ ಅಡ್ಡ ಬಂದಿತ್ತು. ಆಮೇಲೆ 1970ನೆಯ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂದಿತು.

ಇಷ್ಟನ್ನು ಮೊನ್ನೆ ಆ ಹುಡುಗಿಗೆ ಹೇಳಿದೆವು. “ಚಂದ್ರಿ ಆಮೇಲೆ ಏನಾದಳು?” ಎಂದಳು. ಕುಂದಾಪುರದ ಬಸ್ಸು ಹಿಡಿಯಲು ಹೊರಟಳು ಎಂದೆವು. ಅವಳು ಅಲ್ಲಿಯೇ ಫೋನು ತೆಗೆದು ನಕ್ಷೆಯಲ್ಲಿ ಕುಂದಾಪುರವನ್ನು ಹುಡುಕಿದಳು. ಹಾಗೆಯೇ ಸ್ವಲ್ಪ ಸರಿಸಿ ನೋಡು, ಗುಲ್ವಾಡಿಯೂ ಅಲ್ಲೇ ಹತ್ತಿರದಲ್ಲಿದೆ ಎಂದು ತೋರಿಸಿದೆವು.