ಪಾಣಿಪತ್ ಗೆದ್ದಿದ್ರೆ ಹೈದರಾಲಿ ಎಲ್ಲಿರ್ತಿದ್ದ? ನಾರ್ಳೀಕರ್ ಕಥೆಯಲ್ಲಿ ಎರಡು ತೂತು

‘ರಿಕ್ ಅಂಡ್ ಮಾರ್ಟಿ’ ಅನ್ನೋ ಅನಿಮೇಷನ್ ಸರಣಿ ನಿಮ್ಮಲ್ಲಿ ತುಂಬ ಜನ ನೋಡಿರ್ತೀರ. 2014ರಲ್ಲಿ ಬಂದ ಮೊದಲ ಸೀಸನ್ನಿನ ಆರನೇ ಎಪಿಸೋಡಿನಲ್ಲಿ ಅಜ್ಜ–ಮೊಮ್ಮಗ ತಮ್ಮ ಭೂಮಿಯನ್ನ ರಿಪೇರಿ ಆಗದಷ್ಟು ಕೆಡಿಸಿ, ಇನ್ನೊಂದು ವಿಶ್ವಕ್ಕೆ ಜಿಗಿತಾರೆ. ಅಲ್ಲಿ ಆಗಷ್ಟೇ ಸತ್ತ ತಮ್ಮದೇ ಹೆಣಗಳನ್ನ ಹಿತ್ತಲಲ್ಲಿ ಹೂತು, ಏನೂ ಆಗಿಲ್ಲ ಅನ್ನೋ ಹಾಗೆ ಮನೆಯೊಳಗೆ ಹೋಗ್ತಾರೆ. ಅದನ್ನ ನೋಡಿದವರಿಗೆ ಕೂಡಲೇ ಬರೋ ಪ್ರಶ್ನೆ: ಬಿಟ್ಟು ಬಂದ ಭೂಮಿಯಲ್ಲಿದ್ದ ಮನೆಯವರ ಗತಿ ಏನು?

ಇದೇ ಜಾತಿಯ ಕಥೆ ಒಂದು ನಾವಿರೋ ಪುಣೆಯಿಂದಲೇ ಶುರುವಾಗುತ್ತೆ. ಬರೆದವರು ಜಯಂತ ನಾರ್ಳೀಕರ್. 1938ರಲ್ಲಿ ಕೊಲ್ಲಾಪುರದಲ್ಲಿ ಹುಟ್ಟಿದವರು, ಇಲ್ಲಿನ ವಿಶ್ವವಿದ್ಯಾಲಯದ ಆವರಣದಲ್ಲಿರೋ ಅಯುಕಾ ಸಂಸ್ಥೆಯನ್ನ 1988ರಲ್ಲಿ ಕಟ್ಟಿದ ಖಗೋಳ ವಿಜ್ಞಾನಿ. 2025ರ ಮೇನಲ್ಲಿ ತೀರಿಕೊಂಡರು. ಸಿಬಿಎಸ್‌ಇ ಓದಿದವರಿಗೆ ಈ ಕಥೆ ಹನ್ನೊಂದನೇ ಕ್ಲಾಸಿನ ಇಂಗ್ಲಿಷ್ ಪಾಠವಾಗಿ ಗೊತ್ತು: ‘ದಿ ಅಡ್ವೆಂಚರ್’.

ಇತಿಹಾಸದ ಪ್ರೊಫೆಸರ್ ಗಂಗಾಧರಪಂತ ಗಾಯತೊಂಡೆ ಪುಣೆಯಲ್ಲಿ ಒಂದು ಟ್ರಕ್ಕಿಗೆ ಡಿಕ್ಕಿ ಹೊಡೀತಾರೆ. ಆಮೇಲೆ ಮುಂಬೈಗೆ ಹೋದರೆ ಅಲ್ಲಿ ಈಸ್ಟ್ ಇಂಡಿಯಾ ಕಂಪನಿ ಇನ್ನೂ ವ್ಯಾಪಾರ ಮಾಡ್ತಿದೆ! ಲೈಬ್ರರಿಯಲ್ಲಿ ಕೂತು ಹುಡುಕಿದಾಗ ಗೊತ್ತಾಗುತ್ತೆ, ಈ ಲೋಕದಲ್ಲಿ 1761ರ ಪಾಣಿಪತ್ ಯುದ್ಧವನ್ನ ಮರಾಠರು ಗೆದ್ದಿದ್ದಾರೆ. ಪೇಶ್ವೆಯ ಮಗ ವಿಶ್ವಾಸರಾವ್‌ಗೆ ತಗಲಬೇಕಿದ್ದ ಗುಂಡು ಕಿವಿ ಸವರಿಕೊಂಡು ಹೋಗಿದೆ. ಎಳ್ಳುಕಾಳಿನಷ್ಟು ಅಂತರ. ನಿಜವಾದ ಯುದ್ಧ ನಡೆದದ್ದು ಜನವರಿ 14ಕ್ಕೆ, ಈಗ ನಾವು ಎಳ್ಳು–ಬೆಲ್ಲ ಹಂಚೋ ದಿನ.

ಮೊದಲನೇ ತೂತು ಈ ಲೈಬ್ರರಿಯಲ್ಲೇ ಇದೆ. ಪಂತರು ಅಲ್ಲಿ ಓದೋದು ತಾವೇ ಬರೆದ ಐದು ಸಂಪುಟ. ನಾಲ್ಕು ಇದ್ದ ಹಾಗೇ ಇವೆ, ಐದನೆಯದು ಮಾತ್ರ ಬದಲಾಗಿದೆ. ಹಾಗಾದರೆ ಅದನ್ನ ಬರೆದ ಇನ್ನೊಬ್ಬ ಗಂಗಾಧರಪಂತ ಆ ಎರಡು ದಿನ ಎಲ್ಲಿದ್ದ? ಇವರು ಅಲ್ಲಿಗೆ ಹೋದಾಗ ಅವನು ಇಲ್ಲಿಗೆ ಬರಬೇಕಿತ್ತಲ್ಲ? ರಿಕ್ ಮತ್ತು ಮಾರ್ಟಿ ಕನಿಷ್ಠ ಹೆಣ ಹೂತರು, ಇಲ್ಲಿ ಅದೂ ಇಲ್ಲ. ಪಂತರ ಗೆಳೆಯ ರಾಜೇಂದ್ರ ದೇಶಪಾಂಡೆ ಕ್ವಾಂಟಮ್ ಸಿದ್ಧಾಂತ, ಕೆಟಾಸ್ಟ್ರಫಿ ಥಿಯರಿ ಎಲ್ಲ ಹಿಡಿದು ವಿವರಿಸ್ತಾನೆ. ಆದರೆ ಪಂತರ ಜೇಬಿನಲ್ಲಿ ಆ ಲೋಕದ ಬಖರಿನಿಂದ ಹರಿದ ಒಂದು ಹಾಳೆ ಉಳಿದಿದೆ. ಮನಸ್ಸು ಮಾತ್ರ ಹೋಗಿ ಬಂದಿದ್ದರೆ ಕಾಗದ ಹೇಗೆ ಬಂತು? ನಮ್ಮ ಕೋಡ್ ರಿವ್ಯೂನಲ್ಲಿ ಇದು ಪಾಸಾಗ್ತಿರಲಿಲ್ಲ.

ಆದರೂ ಈ ತೂತು ನನಗೆ ಅಷ್ಟು ಕಾಡಲ್ಲ, ಕಥೆ ತಾನೇ. ಎರಡನೇ ತೂತು ಸಿಕ್ಕಿದ್ದು ಹಿಂಜೆವಾಡಿಯ ನಮ್ಮ ಕ್ಯಾಂಟೀನಿನಲ್ಲಿ. ಇಲ್ಲಿ ಏನೇ ದೊಡ್ಡದಾಗಿ ಕೆಟ್ಟರೂ ‘ಪಾಣಿಪತ್ ಆಯ್ತು’ ಅಂತಾರೆ, ನಿಮಗೂ ಗೊತ್ತು. ಒಂದಿನ ಪ್ರೊಡಕ್ಷನ್ ಬಿದ್ದಾಗ ಈ ಮಾತು ಬಂತು. ಮರಾಠಿ ಸಹೋದ್ಯೋಗಿಯೊಬ್ಬ ನಗ್ತಾ, “ಪಾಣಿಪತ್ ಗೆದ್ದಿದ್ರೆ ನಿಮ್ಮ ಬೆಂಗಳೂರೂ ನಮ್ಮದೇ ಆಗಿರ್ತಿತ್ತು” ಅಂದ. ನಾನು ತಿರುಗಿ ಹೇಳೋಣ ಅಂತ ಬಾಯಿ ತೆರೆದೆ, ಏನೂ ಬರಲಿಲ್ಲ. ಶಾಲೆಯಲ್ಲಿ ಪಾಣಿಪತ್ ಒಂದು ಪಾಠ, ಹೈದರಾಲಿ ಇನ್ನೊಂದು ಪಾಠ. ಎರಡಕ್ಕೂ 1761 ಅಂತಲೇ ಇಸವಿ ಉರು ಹೊಡೆದಿದ್ದೆ. ಜೋಡಿಸಿ ನೋಡಿರಲಿಲ್ಲ.

ಜೋಡಿಸಿದರೆ ಹೀಗಿದೆ. 1760ರ ಆಗಸ್ಟ್‌ನಲ್ಲಿ ಹೈದರನ ಕಥೆ ಮುಗಿದ ಹಾಗೇ ಇತ್ತು. ಅವನದೇ ದಿವಾನ ಖಂಡೇರಾವ್ ಅರಮನೆಯ ಕಡೆ ಸೇರಿ ತಿರುಗಿಬಿದ್ದ. ಹೈದರ ಹೆಂಡತಿ ಮಕ್ಕಳನ್ನೂ ಬಿಟ್ಟು ಶ್ರೀರಂಗಪಟ್ಟಣದಿಂದ ರಾತ್ರೋರಾತ್ರಿ ಬೆಂಗಳೂರಿಗೆ ಓಡಿದ. ಖಂಡೇರಾವ್‌ಗೆ ಬೆಂಬಲವಾಗಿ ನಿಂತದ್ದು ವಿಸಾಜಿ ಪಂತನ ಮರಾಠಾ ಪಡೆ. ಅಂಥ ಪಡೆ ಇದ್ದಕ್ಕಿದ್ದ ಹಾಗೆ ಬಾರಾಮಹಲ್, ಅಂದ್ರೆ ಇವತ್ತಿನ ಕೃಷ್ಣಗಿರಿ–ಧರ್ಮಪುರಿ ಸೀಮೆ, ಮತ್ತೆ ಒಂದಿಷ್ಟು ಹಣದ ಮಾತಿಗೆ ಒಪ್ಪಿ ಹಿಂತಿರುಗಿತು. ಇಷ್ಟು ಸುಲಭವಾಗಿ ಹೇಗೆ ಒಪ್ಪಿದರು ಅನ್ನೋದಕ್ಕೆ ಕಾರಣ ಸ್ವಲ್ಪ ದಿನದಲ್ಲೇ ತಿಳೀತು: ಪಾಣಿಪತ್. ಅದೇ ವರ್ಷ ಹೈದರ ಖಂಡೇರಾವ್‌ನನ್ನ ಸೋಲಿಸಿ ಮೈಸೂರಿನ ಒಡೆತನ ಹಿಡಿದ. 1763ಕ್ಕೆ ಬಿದನೂರು ಅವನ ಕೈಗೆ ಬಂತು.

ನಾರ್ಳೀಕರ್ ಕಥೆಯಲ್ಲಿ ಇದಕ್ಕೆ ಜಾಗವೇ ಇಲ್ಲ. ಗೆದ್ದ ಮೇಲೆ ವಿಶ್ವಾಸರಾವ್, ಮಾಧವರಾವ್ ಸೋದರರು ಇಡೀ ಭಾರತದಲ್ಲಿ ಪ್ರಭಾವ ಹರಡಿದರು ಅಂತ ಹೇಳಿ ಕಥೆ ಮುಂದೆ ಹೋಗುತ್ತೆ. ಆ ‘ಇಡೀ ಭಾರತ’ದೊಳಗೆ ನಮ್ಮ ಸೀಮೆ ಸದ್ದಿಲ್ಲದೆ ಕರಗಿಹೋಯ್ತು. ಹೈದರ ಇಲ್ಲ, ಟಿಪ್ಪು ಇಲ್ಲ, ನಾಲ್ಕು ಮೈಸೂರು ಯುದ್ಧಗಳಿಲ್ಲ. ಹಾಗಾದ್ರೆ ಬಿದನೂರು ಉಳೀತಿತ್ತಾ? ಅಥವಾ ಅದೂ ಚೌತ್ ಕಟ್ಟಿ ಕಟ್ಟಿ ಬಡವಾಗ್ತಿತ್ತಾ? ಸೋತ ಮೇಲೂ ಮರಾಠರು ಬರೋದು ನಿಲ್ಲಿಸಲಿಲ್ಲ ಅನ್ನೋದನ್ನ ಮರೀಬಾರದು. 1764ರಲ್ಲಿ ಇಪ್ಪತ್ತೂ ತುಂಬದ ಮಾಧವರಾವ್ ಪೇಶ್ವೆ ನಮ್ಮ ಹಾವೇರಿ ಜಿಲ್ಲೆಯ ರಟ್ಟಿಹಳ್ಳಿಯಲ್ಲಿ ಹೈದರನನ್ನ ಸೋಲಿಸಿದ. ದಂಡು ಯಾರದ್ದೇ ಬರಲಿ, ಜೋಳ ಹೋಗ್ತಿದ್ದದ್ದು ಅಲ್ಲಿನ ರೈತನ ಹೊಲದಿಂದ. 1772ರಲ್ಲಿ ಮಾಧವರಾವ್ 27ನೇ ವಯಸ್ಸಿಗೇ ತೀರಿಕೊಂಡ. ಆಮೇಲೆ ಹೈದರ ಮತ್ತೆ ಕೃಷ್ಣಾ ನದಿಯವರೆಗೂ ಹೋದ.

ಅದಕ್ಕೇ ನನಗನ್ನಿಸೋದು, ‘ಹಾಗಾಗಿದ್ರೆ’ ಅನ್ನೋ ಆಟ ಆಡೋವಾಗ ಒಂದೇ ಊರಿನ ಜಗಲಿ ಮೇಲೆ ಕೂತು ಆಡಬಾರದು. ಪುಣೆಗೆ ಪಾಣಿಪತ್ ಅಂದ್ರೆ ಸಾವಿನ ಸುದ್ದಿ. ಅದೇ ಸುದ್ದಿ ಶ್ರೀರಂಗಪಟ್ಟಣದಲ್ಲಿ ಒಬ್ಬನಿಗೆ ಬಾಗಿಲು ತೆಗೀತು. ಎರಡನ್ನೂ ಒಟ್ಟಿಗೆ ಹೇಳೋಕೆ ಎರಡೂ ಊರಿನ ಅನ್ನ ತಿಂದ ನಮ್ಮಂಥವರಿಗಿಂತ ಅನುಕೂಲ ಇನ್ಯಾರಿಗಿದೆ?

ಈ ಭಾನುವಾರ ಬಿಡುವಿದ್ರೆ ಪರ್ವತಿ ಗುಡ್ಡ ಹತ್ತಿ ಬನ್ನಿ. ಮಗನನ್ನ ಕಳೆದುಕೊಂಡ ನಾನಾಸಾಹೇಬ ಪೇಶ್ವೆ 1761ರ ಜೂನ್‌ನಲ್ಲಿ ಕೊನೆಯುಸಿರೆಳೆದದ್ದು ಅಲ್ಲೇ. ಮರಾಠಿ ಗೆಳೆಯರನ್ನೂ ಕರ್ಕೊಂಡು ಹೋಗಿ. ಅವರು ವಿಶ್ವಾಸರಾವ್ ಕಥೆ ಹೇಳಲಿ, ಕೊನೇ ತನಕ ಕೇಳಿ. ಆಮೇಲೆ ನೀವು ಅದೇ ವರ್ಷದ ಶ್ರೀರಂಗಪಟ್ಟಣದ ಕಥೆ ಹೇಳಿ. ನಾನಂತೂ ಕ್ಯಾಂಟೀನಿನಲ್ಲಿ ಬಾಕಿ ಉಳಿಸಿಕೊಂಡ ಉತ್ತರವನ್ನ ಹಾಗೇ ಕೊಟ್ಟೆ. ಮುಂದಿನ ಮಾತಿನಲ್ಲಿ ಸಿಗೋಣ.