ಸೋನಾರ್‌ನಿಂದ ಮೊಬೈಲ್‌ವರೆಗೆ: ನೌಕಾಪಡೆಯ ಎಂಜಿನಿಯರ್ ಆರೋಗ್ಯಸ್ವಾಮಿ ಪಾಲ್‌ರಾಜ್

ಜಿದ್ದಾ, ದಮ್ಮಾಮ್, ಮಸ್ಕತ್‌ನಲ್ಲಿ ದುಡಿಯುವ ನಮ್ಮವರು ಇವತ್ತು ಡ್ಯೂಟಿ ಮುಗಿಸಿ ಬಂದ ಕೂಡಲೇ ಊರಿನಲ್ಲಿರುವ ಮಕ್ಕಳ ಮುಖ ನೋಡಿಕೊಂಡು ಮಾತಾಡ್ತಾರೆ. ಹಿಂದಿನ ತಲೆಮಾರಿನವರು ಒಂದು ಪತ್ರಕ್ಕೆ ವಾರಗಟ್ಟಲೆ ಕಾಯಬೇಕಿತ್ತು. ಫೋನ್ ಮಾಡಿದರೂ ಮೀಟರ್ ನೋಡಿಕೊಂಡೇ ಮಾತಾಡಬೇಕಿತ್ತು. ಈ ಬದಲಾವಣೆಯ ಹಿಂದೆ ಸಾವಿರಾರು ಜನರ ಶ್ರಮ ಇದೆ. ಅದರಲ್ಲಿ ಒಂದು ದೊಡ್ಡ ಪಾಲು ನಮ್ಮದೇ ನೌಕಾಪಡೆಯಲ್ಲಿ ಮೂವತ್ತು ವರ್ಷದಷ್ಟು ಸೇವೆ ಮಾಡಿದ ಒಬ್ಬ ಎಂಜಿನಿಯರ್‌ದು. ಹೆಸರು ಆರೋಗ್ಯಸ್ವಾಮಿ ಜೋಸೆಫ್ ಪಾಲ್‌ರಾಜ್. ಕಮೊಡೋರ್ ದರ್ಜೆಯ ಅಧಿಕಾರಿ. ಬೆಂಗಳೂರಿನಲ್ಲೂ ಸಂಸ್ಥೆಗಳನ್ನು ಕಟ್ಟಿ ನಡೆಸಿದವರು. ಆದರೂ ನಮ್ಮಲ್ಲಿ ಅವರ ಹೆಸರು ಕೇಳಿದವರು ಕಡಿಮೆ.

ನಾನು ವ್ಯಾಪಾರ ಮಾಡುವ ರಾಯಿಕೋಡ್ ತೆಲಂಗಾಣದ ಜಹೀರಾಬಾದ್ ಪಕ್ಕದ ಗಡಿ ಊರು. ಕನ್ನಡ, ತೆಲುಗು, ಉರ್ದು ಮೂರೂ ಬಾಯಲ್ಲಿ ಓಡಾಡುವ ಜಾಗ. ಹತ್ತಿರದ ಬೀದರ್‌ನಲ್ಲಿ ವಾಯುಪಡೆಯ ತರಬೇತಿ ಕೇಂದ್ರ ಇರುವುದರಿಂದ ಈ ಕಡೆಯ ಮಕ್ಕಳಿಗೆ ವಿಮಾನ ಗೊತ್ತು, ಪೈಲಟ್ ಗೊತ್ತು. ಸಮುದ್ರ ನೂರಾರು ಕಿಲೋಮೀಟರ್ ದೂರ. ನೌಕಾಪಡೆ ಅಂದರೆ ಬರೀ ಹಡಗು ಓಡಿಸುವ ಕೆಲಸ ಅಂತಲೇ ಎಲ್ಲರ ಲೆಕ್ಕ. ಕರಾವಳಿಯ ನಮ್ಮ ಹುಡುಗರಿಗೂ ಮರ್ಚೆಂಟ್ ನೇವಿ ಗೊತ್ತಿದ್ದಷ್ಟು ದೇಶದ ನೌಕಾಪಡೆ ಗೊತ್ತಿಲ್ಲ. ಅದಕ್ಕಾಗಿ ಈ ಪರಿಚಯ.

ಹದಿನೈದರ ಹುಡುಗ

ಪಾಲ್‌ರಾಜ್ ಹುಟ್ಟಿದ್ದು 1944ರಲ್ಲಿ, ತಮಿಳುನಾಡಿನ ಪೊಳ್ಳಾಚಿಯಲ್ಲಿ. ಹದಿನೈದನೇ ವಯಸ್ಸಿಗೇ ಪುಣೆ ಹತ್ತಿರದ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಸೇರಿ ನೌಕಾಪಡೆಯ ಹಾದಿ ಹಿಡಿದರು. ಲೋನಾವಾಲದ ನೌಕಾ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪದವಿ ಪಡೆದರು. ಓದಿನ ಹುಚ್ಚು ಅಲ್ಲಿಗೆ ನಿಲ್ಲಲಿಲ್ಲ. ನೌಕಾಪಡೆ ಅವರನ್ನು ದೆಹಲಿಯ ಐಐಟಿಗೆ ಕಳಿಸಿತು. ಅಲ್ಲಿ ಪ್ರೊಫೆಸರ್ ಪಿ.ವಿ. ಇಂದಿರೇಶನ್ ಅವರ ಮಾರ್ಗದರ್ಶನ ಸಿಕ್ಕಿತು. ಎಂ.ಟೆಕ್ ಮಾಡಲು ಹೋದವರು ಪಿಎಚ್‌ಡಿ ಮುಗಿಸಿದರು. ಗದ್ದಲದ ನಡುವೆ ಬೇಕಾದ ಸಿಗ್ನಲನ್ನು ಹೆಕ್ಕಿ ತೆಗೆಯುವುದು ಹೇಗೆ ಎನ್ನುವುದೇ ಅವರ ವಿಷಯ. ಮುಂದಿನ ಇಡೀ ಬದುಕು ಈ ಒಂದೇ ಪ್ರಶ್ನೆಯ ಸುತ್ತ ನಡೆಯಿತು.

ಖುಕ್ರಿ ಮುಳುಗಿದ ರಾತ್ರಿ

1971ರ ಯುದ್ಧದಲ್ಲಿ ನಮ್ಮ ನೌಕಾಪಡೆ ಕರಾಚಿ ಬಂದರಿನ ಮೇಲೆ ಮಾಡಿದ ದಾಳಿ ಎಲ್ಲರಿಗೂ ನೆನಪಿದೆ. ಡಿಸೆಂಬರ್ 9ರ ರಾತ್ರಿಯ ನೋವು ಅಷ್ಟಾಗಿ ನೆನಪಿಲ್ಲ. ದಿಯು ಹತ್ತಿರದ ಸಮುದ್ರದಲ್ಲಿ ಪಾಕಿಸ್ತಾನದ ಹಂಗೋರ್ ಎಂಬ ಜಲಾಂತರ್ಗಾಮಿ ನಮ್ಮ ಐಎನ್‌ಎಸ್ ಖುಕ್ರಿಯನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಪ್ರಾಣ ಬಿಟ್ಟರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ತಮ್ಮ ಹಡಗಿನ ಜೊತೆಯಲ್ಲೇ ಹೋದರು. ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ದಿಯುವಿನಲ್ಲಿ ಇವತ್ತಿಗೂ ಆ ಹಡಗಿನ ಸ್ಮಾರಕ ಇದೆ.

ಜಲಾಂತರ್ಗಾಮಿಯನ್ನು ಹುಡುಕಲು ಹೋದ ಹಡಗಿಗೇ ಹೀಗಾದದ್ದು ಏಕೆ? ಒಂದು ದೊಡ್ಡ ಕಾರಣ ಸೋನಾರ್. ನೀರೊಳಗೆ ರೇಡಾರ್ ನಡೆಯುವುದಿಲ್ಲ. ಶಬ್ದವನ್ನು ಬಿಟ್ಟು, ಅದು ತಾಗಿ ವಾಪಸ್ ಬರುವ ಪ್ರತಿಧ್ವನಿ ಕೇಳಿ ಶತ್ರು ಎಲ್ಲಿದ್ದಾನೆ ಅಂತ ತಿಳಿಯಬೇಕು. ನಮ್ಮ ಹಡಗುಗಳಲ್ಲಿದ್ದದ್ದು ಬ್ರಿಟಿಷರ ಹಳೆಯ ಸೋನಾರ್. ನಮ್ಮ ಬಿಸಿಲಿಗೆ ಅರಬ್ಬಿ ಸಮುದ್ರದ ಮೇಲ್ಪದರ ಕಾಯುತ್ತದೆ, ಕೆಳಗಿನ ನೀರು ತಣ್ಣಗಿರುತ್ತದೆ. ಈ ಎರಡರ ನಡುವೆ ಶಬ್ದ ನೇರ ಹೋಗದೆ ಕೆಳಕ್ಕೆ ಬಾಗುತ್ತದೆ. ಹಡಗಿನವನಿಗೆ ಸ್ವಲ್ಪ ದೂರದ್ದೂ ಕೇಳಿಸುವುದಿಲ್ಲ. ಆಳದಲ್ಲಿ ಸುಮ್ಮನೆ ಕೂತ ಜಲಾಂತರ್ಗಾಮಿಗೆ ಹಡಗಿನ ಎಂಜಿನ್ ಸದ್ದು ಚೆನ್ನಾಗಿ ಸಿಗುತ್ತದೆ.

ಯುದ್ಧದ ನಂತರ ನೌಕಾಪಡೆ ಈ ಸೋನಾರ್ ಸುಧಾರಿಸುವ ಕೆಲಸವನ್ನು ಪಾಲ್‌ರಾಜ್ ಅವರಿಗೆ ಒಪ್ಪಿಸಿತು. ಅವರಿಗೆ ಆಗ ಮೂವತ್ತೂ ತುಂಬಿರಲಿಲ್ಲ. ಹಳೆಯ ಯಂತ್ರಕ್ಕೆ ಹೊಸ ಸರ್ಕ್ಯೂಟ್ ಜೋಡಿಸಿ ಅದರ ಕಿವಿ ಚುರುಕು ಮಾಡಿದರು. ಆಮೇಲೆ ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯಕ್ಕೆ ಹೋಗಿ ಅದೇ ವಿಷಯದಲ್ಲಿ ಕೆಲಸ ಮಾಡಿ ಬಂದರು. ನಂತರ ಕೊಚ್ಚಿಯ ನೌಕಾ ಭೌತಿಕ ಪ್ರಯೋಗಾಲಯದಲ್ಲಿ ತಂಡ ಕಟ್ಟಿ ‘ಅಪ್ಸೋ’ ಎಂಬ ಸ್ವದೇಶಿ ಸೋನಾರ್ ತಯಾರಿಸಿದರು. 1983ರ ಹೊತ್ತಿಗೆ ಅದನ್ನು ನೌಕಾಪಡೆ ಒಪ್ಪಿಕೊಂಡಿತು. ಅದರ ತಯಾರಿಕೆ ನಡೆದದ್ದು ಬೆಂಗಳೂರಿನ ಬಿಇಎಲ್‌ನಲ್ಲಿ. ಗೋದಾವರಿ ದರ್ಜೆಯ ಯುದ್ಧನೌಕೆಗಳು ಅದನ್ನು ಹೊತ್ತು ಸಮುದ್ರಕ್ಕಿಳಿದವು. ಮುಂದೆ ಬಂದ ‘ಹಂಸ’ ಸೋನಾರ್‌ಗೂ ಅದೇ ಅಡಿಪಾಯ.

ಬೆಂಗಳೂರಿನ ವರ್ಷಗಳು

ಅಪ್ಸೋ ಮುಗಿದ ಮೇಲೆ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿದ್ದವರು ಪುಣೆಯಲ್ಲಿ ಹುಟ್ಟಿ ಬೆಳೆದ ಖ್ಯಾತ ವಿಜ್ಞಾನಿ ಥಾಮಸ್ ಕೈಲಾತ್. 1986ರಲ್ಲಿ ಪಾಲ್‌ರಾಜ್ ದೇಶಕ್ಕೆ ವಾಪಸಾದರು. ಬೆಂಗಳೂರಿನಲ್ಲಿ ಡಿಆರ್‌ಡಿಒದ ಕೃತಕ ಬುದ್ಧಿಮತ್ತೆ ಮತ್ತು ರೋಬೊಟಿಕ್ಸ್ ಕೇಂದ್ರ ಶುರುವಾದಾಗ ಅದರ ಸ್ಥಾಪಕ ನಿರ್ದೇಶಕರಾದರು. ಇವತ್ತು ಎಐ ಎಐ ಅಂತ ಎಲ್ಲರ ಬಾಯಲ್ಲಿದೆ. ನಮ್ಮ ಬೆಂಗಳೂರಿನಲ್ಲಿ ಅದಕ್ಕೊಂದು ಸರ್ಕಾರಿ ಕೇಂದ್ರ ಶುರುವಾಗಿ ನಾಲ್ಕು ದಶಕದ ಹತ್ತಿರ ಬಂತು. ಬಿಇಎಲ್‌ನ ಕೇಂದ್ರೀಯ ಸಂಶೋಧನಾ ಪ್ರಯೋಗಾಲಯ ಕಟ್ಟುವುದರಲ್ಲೂ ಅವರ ಕೈ ಇದೆ.

1991ರಲ್ಲಿ ನೌಕಾಪಡೆಯಿಂದ ನಿವೃತ್ತಿ ಪಡೆದು ಮತ್ತೆ ಸ್ಟ್ಯಾನ್‌ಫರ್ಡ್ ಸೇರಿದರು. ಆಗ ಅವರಿಗೆ 47ರ ಹತ್ತಿರ. ನಮ್ಮಲ್ಲಿ ಆ ಪ್ರಾಯಕ್ಕೆ ‘ಇನ್ನೇನು, ಮಕ್ಕಳ ಕಾಲ’ ಅಂತ ಹೇಳಿಬಿಡ್ತೇವೆ. ಅವರ ಬದುಕಿನ ಅತಿ ದೊಡ್ಡ ಕೆಲಸ ಶುರುವಾದದ್ದೇ ಅಲ್ಲಿಂದ.

ಮೈಮೋ ಅಂದರೇನು?

ಸ್ಟ್ಯಾನ್‌ಫರ್ಡ್‌ನಲ್ಲಿ ಒಂದೇ ಫ್ರೀಕ್ವೆನ್ಸಿಯಲ್ಲಿ ಬೆರೆತು ಬಂದ ಸಿಗ್ನಲ್‌ಗಳನ್ನು ಬೇರ್ಪಡಿಸುವ ಪ್ರಯೋಗ ನಡೆಯುತ್ತಿತ್ತು. ಅಲ್ಲಿಂದ ಪಾಲ್‌ರಾಜ್ ಅವರಿಗೆ ಒಂದು ಯೋಚನೆ ಬಂತು. ಒಂದೇ ಫ್ರೀಕ್ವೆನ್ಸಿಯಲ್ಲಿ ಹಲವು ಆಂಟೆನಾಗಳಿಂದ ಬೇರೆ ಬೇರೆ ಮಾಹಿತಿ ಬೇಕಂತಲೇ ಕಳಿಸಿ, ಆಚೆ ಕಡೆ ಹಲವು ಆಂಟೆನಾಗಳಲ್ಲಿ ಹಿಡಿದು ಬೇರ್ಪಡಿಸಿದರೆ ಹೇಗೆ? ಇದಕ್ಕೆ ಈಗ ಮೈಮೋ ಅಂತಾರೆ. ಹಲವು ಕಡೆಯಿಂದ ಕಳಿಸಿ ಹಲವು ಕಡೆ ಪಡೆಯುವುದು ಅಂತ ಅರ್ಥ.

ಅಂಗಡಿ ಲೆಕ್ಕದಲ್ಲಿ ಹೇಳುವುದಾದರೆ ಸುಲಭ. ಒಬ್ಬ ಗಿರಾಕಿ 2 ಸಾಬೂನು, 1 ಎಣ್ಣೆ ಪ್ಯಾಕೆಟ್‌ಗೆ ಒಟ್ಟು 110 ರೂಪಾಯಿ ಕೊಟ್ಟ. ಇನ್ನೊಬ್ಬ 1 ಸಾಬೂನು, 1 ಎಣ್ಣೆ ಪ್ಯಾಕೆಟ್‌ಗೆ 80 ಕೊಟ್ಟ. ಎರಡು ಬಿಲ್ ಇಟ್ಟುಕೊಂಡು ನೋಡಿದರೆ ಸಾಬೂನಿಗೆ 30, ಎಣ್ಣೆಗೆ 50 ಅಂತ ಗೊತ್ತಾಗುತ್ತದೆ. ಬೆರೆತು ಹೋದ ಎರಡು ಬೆಲೆ ಬೇರೆಯಾದವು. ಮೊಬೈಲಿನ ಪ್ರತಿ ಆಂಟೆನಾಗೆ ಬರುವುದು ಹೀಗೆ ಬೆರೆತ ಒಂದು ಮೊತ್ತ. ಎರಡು ಆಂಟೆನಾ ಇದ್ದರೆ ಎರಡು ಬಿಲ್ ಸಿಕ್ಕಂತೆ. ಒಳಗಿನ ಚಿಪ್ ಈ ಲೆಕ್ಕವನ್ನು ಕಣ್ಣು ಮಿಟುಕಿಸುವುದರೊಳಗೆ ಸಾವಿರಾರು ಸಲ ಬಿಡಿಸುತ್ತದೆ.

ಆದರೆ ಒಂದು ಷರತ್ತು. ಎರಡನೇ ಗಿರಾಕಿ 4 ಸಾಬೂನು, 2 ಎಣ್ಣೆಗೆ 220 ಕೊಟ್ಟಿದ್ದರೆ ಏನೂ ಪ್ರಯೋಜನ ಇಲ್ಲ, ಅದು ಮೊದಲ ಬಿಲ್ಲಿನ ದುಪ್ಪಟ್ಟು ಅಷ್ಟೇ. ಬಿಲ್‌ಗಳು ಬೇರೆ ಬೇರೆ ರೀತಿಯವು ಆಗಿರಬೇಕು. ಸಿಗ್ನಲ್‌ನಲ್ಲಿ ಈ ವ್ಯತ್ಯಾಸ ತರುವುದು ಗೋಡೆ, ಕಟ್ಟಡ, ಮರಗಳಿಗೆ ತಾಗಿ ಬರುವ ಪ್ರತಿಧ್ವನಿ. ಅಲ್ಲಿಯವರೆಗೆ ಎಂಜಿನಿಯರ್‌ಗಳು ಈ ಪ್ರತಿಧ್ವನಿಯನ್ನು ಉಪದ್ರವ ಅಂತಲೇ ನೋಡ್ತಿದ್ದರು. ಪಾಲ್‌ರಾಜ್ ಅದನ್ನೇ ಬಂಡವಾಳ ಮಾಡಿಕೊಂಡರು. ಸಮುದ್ರದೊಳಗೆ ಬಾಗಿ, ಚದುರಿ ಬರುವ ಸದ್ದಿನ ಜೊತೆ ವರ್ಷಗಟ್ಟಲೆ ಗುದ್ದಾಡಿದ ಮನುಷ್ಯನಿಗೆ ಇದು ಹೊಳೆದದ್ದರಲ್ಲಿ ಆಶ್ಚರ್ಯ ಇಲ್ಲ.

1992ರಲ್ಲಿ ಕೈಲಾತ್ ಜೊತೆ ಪೇಟೆಂಟ್ ಅರ್ಜಿ ಹಾಕಿದರು, 1994ರಲ್ಲಿ ಮಂಜೂರಾಯಿತು. ಉದ್ಯಮದವರು ಮೊದಲು ನಂಬಲಿಲ್ಲ. 1998ರಲ್ಲಿ ಅವರೇ ಕಂಪನಿ ಕಟ್ಟಿ ತೋರಿಸಿದರು. ಐಯೋಸ್ಪ್ಯಾನ್ ಹೆಸರಿನ ಆ ಕಂಪನಿಯ ತಂತ್ರಜ್ಞಾನವನ್ನು ಇಂಟೆಲ್ ಕೊಂಡಿತು. ಎರಡನೇ ಕಂಪನಿ ಬೀಸೀಮ್ 2010ರಲ್ಲಿ ಬ್ರಾಡ್‌ಕಾಮ್ ಪಾಲಾಯಿತು. ಈಗ 4ಜಿ, 5ಜಿ, ಮನೆಯ ವೈಫೈ ಎಲ್ಲದರೊಳಗೂ ಮೈಮೋ ಇದೆ.

ಗೌರವಗಳೂ ಬಂದವು. 2010ರಲ್ಲಿ ಪದ್ಮಭೂಷಣ, 2011ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಪದಕ, 2014ರಲ್ಲಿ ಮಾರ್ಕೋನಿ ಪ್ರಶಸ್ತಿ. ಕೇಂದ್ರ ಸರ್ಕಾರ 5ಜಿಗೆ ತಯಾರಿ ನಡೆಸಿದಾಗ ಅವರನ್ನೇ ಸಮಿತಿಯ ಅಧ್ಯಕ್ಷರನ್ನಾಗಿ ಕರೆಯಿತು. 2018ರಲ್ಲಿ ಆ ವರದಿ ಬಂತು.

ನಮ್ಮ ಮಕ್ಕಳಿಗೆ ಇದರಲ್ಲೇನಿದೆ?

ಇಲ್ಲೊಂದು ಕಹಿ ಲೆಕ್ಕವೂ ಇದೆ. ಓದಿಸಿದ್ದು ನಮ್ಮ ನೌಕಾಪಡೆ, ಐಐಟಿಗೆ ಕಳಿಸಿದ್ದೂ ಅದೇ. ಮೈಮೋ ಕಂಪನಿ ಹುಟ್ಟಿದ್ದು ಮಾತ್ರ ಅಮೆರಿಕದಲ್ಲಿ. ಬಂಡವಾಳ ಹಾಕಿದವರು ನಾವು, ಲಾಭದ ದೊಡ್ಡ ಪಾಲು ಬೇರೆಯವರ ಖಾತೆಗೆ. ಹಾಗಂತ ಅವರನ್ನು ದೂರುವುದು ಸರಿಯಲ್ಲ. ಅಪ್ಸೋ ಕೊಟ್ಟೇ ಅವರು ದೇಶದ ಬಾಕಿ ತೀರಿಸಿದ್ದರು. ಅಂಥ ಯೋಚನೆಗೆ ಇಲ್ಲೇ ಹಣ ಹಾಕುವವರು ಆಗ ಇದ್ದರಾ ಎಂಬುದು ನಾವು ಕೇಳಬೇಕಾದ ಪ್ರಶ್ನೆ.

ಇನ್ನೊಂದು ಮಾತು. ಎಂಜಿನಿಯರಿಂಗ್ ಫೀಸು ಕಟ್ಟಲು ಸಾಲ ಮಾಡುವ, ಚಿನ್ನ ಅಡವಿಡುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅದೇ ಕಾಸರಗೋಡು ದಾಟಿದರೆ ಕಣ್ಣೂರು ಜಿಲ್ಲೆಯ ಎಳಿಮಲದಲ್ಲಿ ಭಾರತೀಯ ನೌಕಾ ಅಕಾಡೆಮಿ ಇದೆ. ‘10+2 ಬಿ.ಟೆಕ್ ಕೆಡೆಟ್’ ಯೋಜನೆಯಲ್ಲಿ ಆಯ್ಕೆಯಾದವರಿಗೆ ಅಲ್ಲಿ ನಾಲ್ಕು ವರ್ಷದ ಎಂಜಿನಿಯರಿಂಗ್ ಓದು ಸರ್ಕಾರದ ಖರ್ಚಿನಲ್ಲಿ, ಮುಗಿದ ಮೇಲೆ ಅಧಿಕಾರಿ ಹುದ್ದೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ ಶೇ. 70 ಅಂಕ ಇರಬೇಕು, ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿಯಲ್ಲಿ ಇಂಗ್ಲಿಷ್‌ಗೆ ಶೇ. 50 ಇರಬೇಕು, ಜೆಇಇ ಮೇನ್ ಬರೆದಿರಬೇಕು. ಆಮೇಲೆ ಸಂದರ್ಶನ, ವೈದ್ಯಕೀಯ ಪರೀಕ್ಷೆ. ಇನ್ನೊಂದು ದಾರಿ ಯುಪಿಎಸ್‌ಸಿ ವರ್ಷಕ್ಕೆರಡು ಸಲ ನಡೆಸುವ ಎನ್‌ಡಿಎ ಪರೀಕ್ಷೆ, ಪಾಲ್‌ರಾಜ್ ಹೋದದ್ದು ಆ ಅಕಾಡೆಮಿಗೇ. ಈಗ ಅದರಲ್ಲಿ ಹೆಣ್ಣುಮಕ್ಕಳಿಗೂ ಅವಕಾಶ ಇದೆ.

ಸಾಮಾನ್ಯ ಊರಿನಿಂದ ಹೊರಟ ಒಬ್ಬ ಹುಡುಗ ಪುಣೆ, ದೆಹಲಿ, ಕೊಚ್ಚಿ, ಬೆಂಗಳೂರು, ಸ್ಟ್ಯಾನ್‌ಫರ್ಡ್ ಅಂತ ಸುತ್ತಿ ಮಾಡಿದ ಕೆಲಸ ಇವತ್ತು ರಾಯಿಕೋಡ್‌ನ ಟವರ್‌ನಲ್ಲೂ ಇದೆ, ದಮ್ಮಾಮ್‌ನ ರೂಮಿನಲ್ಲೂ ಇದೆ. ಪಿಯುಸಿ ಸೈನ್ಸ್ ಓದುವ ಮಕ್ಕಳು ಮನೆಯಲ್ಲಿದ್ದರೆ ಅವರಿಗೆ ಈ ಹೆಸರು ಹೇಳಿ. ಅರ್ಜಿ ಯಾವಾಗ ಕರೀತಾರೆ ಅಂತಲೂ ನೋಡಿಟ್ಟುಕೊಳ್ಳಿ.